ಎದುರು ದಿಕ್ಕಿನ ಎರಡು ಎಳೆ

ಕೋಲಾರ ಜಿಲ್ಲೆಯ ಕ್ಯಾಲನೂರಿನ ಸುತ್ತಮುತ್ತ ಬೇಸಿಗೆ ಟೊಮೆಟೊ ನಾಟಿ ಮಾಡಿದ ರೈತರ ಕಣ್ಣೆಲ್ಲ ಮೊದಲ ನಾಲ್ಕೈದು ವಾರ ಗಿಡದ ಸುಳಿಯ ಮೇಲೇ ಇರುತ್ತದೆ. ಸುಳಿಯ ಎಲೆ ಅಗಲವಾಗಿ ಬಿಚ್ಚಿಕೊಂಡರೆ ನೆಮ್ಮದಿ. ಎಲೆಯ ಅಂಚು ಮೇಲಕ್ಕೆ ಮಡಚಿಕೊಂಡು, ನರಗಳ ನಡುವೆ ಹಳದಿ ಕಾಣಿಸಿ, ಗೆಣ್ಣುಗಳು ಹತ್ತಿರ ಹತ್ತಿರವಾಗಿ ಗಿಡ ಗಿಡ್ಡವಾದರೆ ‘ವೈರಸ್ ಬಿತ್ತು’ ಎನ್ನುತ್ತಾರೆ. ಆ ಗಿಡ ಸಾಯುವುದಿಲ್ಲ, ಹಸಿರಾಗಿಯೇ ನಿಂತಿರುತ್ತದೆ. ಆದರೆ ಹೂವು ಉದುರುತ್ತದೆ, ಕಾಯಿ ಕಚ್ಚುವುದಿಲ್ಲ. ಸಸಿಗೆ, ಗೊಬ್ಬರಕ್ಕೆ, ಗೂಟಕ್ಕೆ, ತಂತಿಗೆ, ಡ್ರಿಪ್ ಪೈಪಿಗೆ ಹಾಕಿದ ದುಡ್ಡು ಹೊಲದಲ್ಲೇ ಉಳಿದುಬಿಡುತ್ತದೆ.

ಇದು ಎಲೆ ಮುದುಡು ರೋಗ. ನಾಟಿಯಾದ ಮೊದಲ ವಾರಗಳಲ್ಲೇ ತಗುಲಿದರೆ ಇಳುವರಿಯಲ್ಲಿ ನೂರಕ್ಕೆ ತೊಂಬತ್ತು ಪಾಲು ಹೋಗಬಹುದು ಎಂಬುದನ್ನು ಬೆಂಗಳೂರಿನ ತೋಟಗಾರಿಕೆ ವಿಜ್ಞಾನಿಗಳು 1970ರ ದಶಕದಲ್ಲೇ ಅಳೆದು ತೋರಿಸಿದ್ದರು. ಕೋಲಾರದ ಎಪಿಎಂಸಿ ಏಷ್ಯಾದಲ್ಲೇ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲೊಂದು. ಮುಳಬಾಗಿಲು ತಾಲ್ಲೂಕಿನ ವಡ್ಡಹಳ್ಳಿಯಲ್ಲಿ ಇನ್ನೊಂದು ಮಾರುಕಟ್ಟೆ ಇದೆ. ಇಲ್ಲಿಂದ ಹೊರಡುವ ಲಾರಿಗಳು ಉತ್ತರದ ರಾಜ್ಯಗಳವರೆಗೂ ಹೋಗುತ್ತವೆ. 2023ರ ಜುಲೈಯಲ್ಲಿ ಇಲ್ಲಿ 15 ಕೆ.ಜಿ.ಯ ಒಂದು ಬಾಕ್ಸ್ 2,000 ರೂಪಾಯಿ ದಾಟಿದಾಗ ದೇಶವೆಲ್ಲ ಕೋಲಾರದ ಕಡೆ ನೋಡಿತು. ಆ ವರ್ಷದ ಕೊರತೆಗೆ ಹೇಳಿದ ಕಾರಣಗಳಲ್ಲಿ ಈ ರೋಗವೂ ಇತ್ತು.

ರೋಗದ ಬುಡ ಹುಡುಕುತ್ತ ಹೋದರೆ ಕೊನೆಗೆ ಸಿಗುವುದು ಡಿಎನ್ಎಯ ಒಂದು ಒಂಟಿ ಎಳೆ. ಡಿಎನ್ಎ ನಾಲ್ಕು ಅಕ್ಷರಗಳ ಬರಹ ಎಂಬುದನ್ನು ಈಗ ಶಾಲೆಯ ಮಕ್ಕಳೂ ಬಲ್ಲರು. ಆ ಅಕ್ಷರಗಳಿಗೆ ಒಂದು ದಿಕ್ಕಿದೆ, ದಿಕ್ಕನ್ನು ಬಿಟ್ಟು ಓದಿದರೆ ಅದೇ ಅಕ್ಷರಗಳು ಏನನ್ನೂ ಹೇಳುವುದಿಲ್ಲ ಎಂಬ ಮಾತು ಮಾತ್ರ ಹಲವರಿಗೆ ಬಾಯಿಪಾಠವಾಗಿಯೇ ಉಳಿದಿರುತ್ತದೆ. ಅದು ಏಕೆ ಹಾಗೆ, ಅದರಿಂದ ಆಗುವುದೇನು ಎಂಬುದನ್ನು ಕೋಲಾರದ ಟೊಮೆಟೊ ಎಲೆಯಲ್ಲಿರುವ ಈ ವೈರಸ್‌ನಷ್ಟು ಚೊಕ್ಕವಾಗಿ ತೋರಿಸಿಕೊಡುವ ಉದಾಹರಣೆ ಸಿಗುವುದು ಕಷ್ಟ.

ಬಿಳಿ ನೊಣ ಹೊತ್ತು ತರುವುದು

ಭಾರತದಲ್ಲಿ ಈ ರೋಗದ ವೈಜ್ಞಾನಿಕ ವರದಿ ಬಂದದ್ದು 1948ರಲ್ಲಿ. ಅದನ್ನು ಹರಡುವುದು ಬಿಳಿ ನೊಣ, ವೈಜ್ಞಾನಿಕ ಹೆಸರು ಬೆಮಿಸಿಯಾ ಟಬಾಸಿ. ಎಲೆಯ ಅಡಿಯಲ್ಲಿ ಕುಳಿತು, ಸೂಜಿಯಂಥ ಬಾಯನ್ನು ಫ್ಲೋಯಂ ನಾಳದವರೆಗೆ ಇಳಿಸಿ ರಸ ಹೀರುವ, ಒಂದು ಮಿಲಿಮೀಟರ್ ಉದ್ದದ ಕೀಟ ಅದು. ರೋಗದ ಗಿಡದಲ್ಲಿ ಸ್ವಲ್ಪ ಹೊತ್ತು ರಸ ಹೀರಿದರೂ ಸಾಕು, ವೈರಸ್ ಅದರ ಕರುಳಿನಿಂದ ದೇಹದ್ರವಕ್ಕೆ, ಅಲ್ಲಿಂದ ಜೊಲ್ಲಿನ ಗ್ರಂಥಿಗೆ ದಾಟುತ್ತದೆ. ಆಮೇಲೆ ಆ ನೊಣ ಕೂತ ಗಿಡಕ್ಕೆಲ್ಲ ರೋಗ ಅಂಟುವ ಅಪಾಯ ಇದ್ದೇ ಇರುತ್ತದೆ.

1999ರಲ್ಲಿ ಕೋಲಾರ ಜಿಲ್ಲೆಯ ಟೊಮೆಟೊ ಹೊಲಗಳಲ್ಲಿ ಬಿಳಿ ನೊಣ ಹಿಂದೆಂದೂ ಕಾಣದಷ್ಟು ಎದ್ದಿತು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ವಿ. ಮುನಿಯಪ್ಪ ಮತ್ತು ಅವರ ಜೊತೆಗಾರರು ಇಂಗ್ಲೆಂಡಿನ ಗ್ರೀನಿಚ್ ವಿಶ್ವವಿದ್ಯಾಲಯದ ನೈಸರ್ಗಿಕ ಸಂಪನ್ಮೂಲ ಸಂಸ್ಥೆಯವರೊಂದಿಗೆ ಸೇರಿ ಆ ನೊಣಗಳ ಡಿಎನ್ಎ ಪರೀಕ್ಷಿಸಿದರು. ಅವು ಊರಿನ ಹಳೆಯ ನೊಣಗಳಾಗಿರಲಿಲ್ಲ. ಬೇರೆ ದೇಶಗಳಲ್ಲಿ ಬೆಳೆ ಹಾಳುಮಾಡಿ ಹೆಸರು ಕೆಡಿಸಿಕೊಂಡಿದ್ದ ‘ಬಿ’ ಮಾದರಿಯ ನೊಣ ಭಾರತಕ್ಕೆ ಕಾಲಿಟ್ಟಿದ್ದು ಹೀಗೆ ಮೊದಲು ದಾಖಲಾಯಿತು. 2001ರಲ್ಲಿ ಪ್ರಕಟವಾದ ಆ ವರದಿಯಿಂದ ಕೋಲಾರದ ಹೆಸರು ಸಸ್ಯರೋಗ ವಿಜ್ಞಾನದ ಬರಹಗಳಲ್ಲಿ ಸೇರಿಕೊಂಡಿತು.

ನೊಣ ಹೊತ್ತು ತರುವ ವೈರಸ್ ಜೆಮಿನಿವೈರಸ್ ಕುಟುಂಬದ್ದು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದಕ್ಕೊಂದು ಅಂಟಿಕೊಂಡ ಅವಳಿ ಕಣಗಳು ಕಾಣುತ್ತವೆ, ಎರಡೂ ಸೇರಿ ಉದ್ದ ಸುಮಾರು 30 ನ್ಯಾನೋಮೀಟರ್. ಪ್ರೋಟೀನಿನ ಆ ಕವಚದೊಳಗೆ ಇರುವುದು ಉಂಗುರದ ಆಕಾರದ, ಒಂದೇ ಎಳೆಯ ಡಿಎನ್ಎ. ಗಿಡಗಳಿಗೆ ರೋಗ ತರುವ ವೈರಸ್‌ಗಳಲ್ಲಿ ಹೆಚ್ಚಿನವು ಆರ್‌ಎನ್ಎಯವು. ಹೀಗಾಗಿ ಬಿಳಿ ನೊಣ ಹರಡುವ ವೈರಸ್ಸೊಂದರಲ್ಲಿ ಒಂಟಿ ಎಳೆಯ ಡಿಎನ್ಎ ಇದೆ ಎಂದು 1977ರಲ್ಲಿ ಗೊತ್ತಾದಾಗ ವಿಜ್ಞಾನಿಗಳಿಗೂ ಅದು ಹೊಸ ಸಂಗತಿಯಾಗಿತ್ತು. ಬೆಂಗಳೂರು ಸುತ್ತಿನ ಟೊಮೆಟೊದಿಂದ ಪಡೆದ ವೈರಸ್‌ನ ಪೂರ್ಣ ಬರಹ 1990ರ ದಶಕದಿಂದ ಒಂದೊಂದಾಗಿ ಹೊರಬಂತು. ಅದರ ಉದ್ದ ಸುಮಾರು 2,750 ಅಕ್ಷರ. ಟೊಮೆಟೊ ಗಿಡದ ಜೀನೋಮ್ 12 ವರ್ಣತಂತುಗಳಲ್ಲಿ ಹರಡಿದ ಸುಮಾರು 90 ಕೋಟಿ ಅಕ್ಷರ ಜೋಡಿಗಳದ್ದು. 2012ರಲ್ಲಿ ಹಲವು ದೇಶಗಳ ವಿಜ್ಞಾನಿಗಳು ಒಟ್ಟಾಗಿ ಅದನ್ನು ಪ್ರಕಟಿಸಿದಾಗ ಐದನೆಯ ವರ್ಣತಂತುವಿನ ಕೆಲಸ ಭಾರತದ ಪಾಲಿನದಾಗಿತ್ತು. 90 ಕೋಟಿ ಅಕ್ಷರಗಳ ಗಿಡವನ್ನು 2,750 ಅಕ್ಷರಗಳ ವೈರಸ್ ತನ್ನ ಕೆಲಸಕ್ಕೆ ಹಚ್ಚಿಕೊಳ್ಳುವುದು ಹೇಗೆ? ಅದಕ್ಕೆ ಉತ್ತರ ಬೇಕಾದರೆ ಮೊದಲು ಎಳೆಯ ದಿಕ್ಕನ್ನು ತಿಳಿಯಬೇಕು.

ದಿಕ್ಕು ಬರುವುದು ಸಕ್ಕರೆಯಿಂದ

ಡಿಎನ್ಎಯ ಎಳೆ ಎಂದರೆ ಸಕ್ಕರೆ ಮತ್ತು ಫಾಸ್ಫೇಟ್ ಒಂದಾದ ಮೇಲೊಂದು ಸೇರಿಕೊಂಡ ಸರಪಳಿ. ಆ ಸಕ್ಕರೆಯ ಹೆಸರು ಡಿಆಕ್ಸಿರೈಬೋಸ್. ಅದರಲ್ಲಿ ಐದು ಇಂಗಾಲದ ಪರಮಾಣುಗಳಿವೆ. ರಸಾಯನಶಾಸ್ತ್ರಜ್ಞರು ಅವನ್ನು ಗುರುತಿಸಲು 1′ರಿಂದ 5′ರವರೆಗೆ ಸಂಖ್ಯೆ ಕೊಟ್ಟಿದ್ದಾರೆ, ಓದುವುದು ‘ಒಂದು ಪ್ರೈಮ್’, ‘ಐದು ಪ್ರೈಮ್’ ಎಂದು. ಒಂದನೆಯ ಇಂಗಾಲಕ್ಕೆ ಅಕ್ಷರ ಅಂಟಿಕೊಂಡಿರುತ್ತದೆ. ಅದು ಅಡೆನೀನ್, ಥೈಮೀನ್, ಗ್ವಾನೀನ್, ಸೈಟೋಸೀನ್‌ಗಳಲ್ಲಿ ಒಂದು. ಅವನ್ನು ಎ, ಟಿ, ಜಿ, ಸಿ ಎಂದು ಕರೆಯೋಣ.

ಸರಪಳಿ ಕಟ್ಟುವ ಕೆಲಸ ಮೂರನೆಯ ಮತ್ತು ಐದನೆಯ ಇಂಗಾಲದ್ದು. ಒಂದು ಸಕ್ಕರೆಯ 3′ ಇಂಗಾಲಕ್ಕೂ ಮುಂದಿನ ಸಕ್ಕರೆಯ 5′ ಇಂಗಾಲಕ್ಕೂ ನಡುವೆ ಫಾಸ್ಫೇಟ್ ಸೇತುವೆಯಾಗಿ ನಿಲ್ಲುತ್ತದೆ. ಎಷ್ಟೇ ಉದ್ದದ ಎಳೆಯಾದರೂ ಜೋಡಣೆ ಇದೇ. ಹಾಗಾಗಿ ಎಳೆಯ ಒಂದು ತುದಿಯಲ್ಲಿ ಜೊತೆ ಸಿಗದ 5′ ಇಂಗಾಲ ಉಳಿಯುತ್ತದೆ, ಸಾಮಾನ್ಯವಾಗಿ ಅದರ ಮೇಲೊಂದು ಫಾಸ್ಫೇಟ್ ಇರುತ್ತದೆ. ಇನ್ನೊಂದು ತುದಿಯಲ್ಲಿ ಜೊತೆಗಾಗಿ ಕಾದಿರುವ 3′ ಇಂಗಾಲ ಇರುತ್ತದೆ, ಅದರ ಮೇಲೆ ಒಂದು ಆಮ್ಲಜನಕ ಮತ್ತು ಒಂದು ಜಲಜನಕ ಸೇರಿದ ಹೈಡ್ರಾಕ್ಸಿಲ್ ಗುಂಪು. ಎರಡು ತುದಿಗಳು ರಾಸಾಯನಿಕವಾಗಿ ಬೇರೆ ಬೇರೆ. ಎಳೆಗೆ ‘ಇಲ್ಲಿಂದ ಅಲ್ಲಿಗೆ’ ಎಂಬ ದಿಕ್ಕು ಬರುವುದು ಈ ವ್ಯತ್ಯಾಸದಿಂದಲೇ. ಅದು ವಿಜ್ಞಾನಿಗಳು ಅನುಕೂಲಕ್ಕೆ ಹಾಕಿಕೊಂಡ ಬಾಣದ ಗುರುತಲ್ಲ, ಅಣುವಿನ ಮೈಯಲ್ಲೇ ಇರುವ ಗುಣ.

ಎರಡು ಎಳೆ ಸೇರಿ ಜೋಡಿಯಾಗುವಾಗ ಎ ಎದುರಿಗೆ ಟಿ, ಜಿ ಎದುರಿಗೆ ಸಿ ನಿಲ್ಲುತ್ತದೆ. ಮೊದಲನೆಯ ಜೋಡಿಯಲ್ಲಿ ಎರಡು ಹೈಡ್ರೋಜನ್ ಬಂಧ, ಎರಡನೆಯದರಲ್ಲಿ ಮೂರು. ಈ ಜೋಡಿಗಳು ಸರಿಯಾಗಿ ಕೂರಬೇಕಾದರೆ ಎರಡು ಎಳೆಗಳ ದಿಕ್ಕು ಎದುರುಬದುರಾಗಿರಬೇಕು. ಕೋಲಾರದ ಪಕ್ಕದಲ್ಲೇ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 75ನ್ನು ನೆನೆಸಿಕೊಳ್ಳಿ. ನಡುವೆ ವಿಭಜಕ, ಒಂದು ಬದಿಯ ವಾಹನಗಳು ಮುಳಬಾಗಿಲಿನ ಕಡೆಗೆ, ಇನ್ನೊಂದು ಬದಿಯವು ಬೆಂಗಳೂರಿನ ಕಡೆಗೆ. ರಸ್ತೆ ಒಂದೇ, ಊರುಗಳೂ ಅವೇ, ಆದರೆ ಊರುಗಳು ಎದುರಾಗುವ ಕ್ರಮ ತಿರುವುಮುರುವು. ಡಿಎನ್ಎಯ ಒಂದು ಎಳೆ 5′ದಿಂದ 3′ಕ್ಕೆ ಎಡದಿಂದ ಬಲಕ್ಕೆ ಸಾಗಿದರೆ, ಅದರ ಜೊತೆಯ ಎಳೆ 5′ದಿಂದ 3′ಕ್ಕೆ ಸಾಗುವುದು ಬಲದಿಂದ ಎಡಕ್ಕೆ.

ಈ ಎದುರುಬದುರನ್ನು ಮೊದಲು ಕಂಡದ್ದರ ಹಿಂದೆ ಒಂದು ಹರಳಿನ ಕತೆ ಇದೆ. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ರೋಸಲಿಂಡ್ ಫ್ರಾಂಕ್ಲಿನ್ ಡಿಎನ್ಎಯ ನಾರುಗಳ ಮೇಲೆ ಎಕ್ಸ್‌ರೇ ಹಾಯಿಸಿ ಅಳತೆ ತೆಗೆಯುತ್ತಿದ್ದರು. ಡಿಎನ್ಎಯ ಒಣ ರೂಪದ ಹರಳಿನಲ್ಲಿ ಒಂದು ಬಗೆಯ ಸಮ್ಮಿತಿ ಇದೆ ಎಂದು ಅವರು ದಾಖಲಿಸಿದ್ದರು. ಎಳೆಯ ಉದ್ದಕ್ಕೆ ಅಡ್ಡಲಾಗಿರುವ ಅಕ್ಷದ ಸುತ್ತ ಅದನ್ನು ಅರ್ಧ ಸುತ್ತು ತಿರುಗಿಸಿದರೂ ಅದು ಮೊದಲಿನಂತೆಯೇ ಕಾಣುತ್ತದೆ ಎಂಬುದು ಅದರ ತಾತ್ಪರ್ಯ. ಆ ಅಳತೆಗಳಿದ್ದ ವರದಿ 1953ರ ಫೆಬ್ರುವರಿಯಲ್ಲಿ ಕೇಂಬ್ರಿಜ್‌ನಲ್ಲಿ ಫ್ರಾನ್ಸಿಸ್ ಕ್ರಿಕ್ ಕೈಗೆ ಬಂತು. ಕ್ರಿಕ್ ಅದೇ ಬಗೆಯ ಸಮ್ಮಿತಿಯ ಹಿಮೋಗ್ಲೋಬಿನ್ ಹರಳನ್ನು ಅಭ್ಯಾಸ ಮಾಡುತ್ತಿದ್ದವರು. ಎರಡು ಎಳೆಗಳೂ ಒಂದೇ ದಿಕ್ಕಿಗಿದ್ದರೆ ಅರ್ಧ ಸುತ್ತು ತಿರುಗಿಸಿದಾಗ ಎರಡು ಬಾಣಗಳೂ ಕೆಳಮುಖವಾಗುತ್ತವೆ, ಮೊದಲಿನಂತೆ ಕಾಣುವುದಿಲ್ಲ. ಒಂದು ಮೇಲಕ್ಕೂ ಇನ್ನೊಂದು ಕೆಳಕ್ಕೂ ಇದ್ದರೆ ಮಾತ್ರ ತಿರುಗಿಸಿದ ಮೇಲೂ ಒಂದು ಮೇಲಕ್ಕೆ, ಒಂದು ಕೆಳಕ್ಕೆ. ಕ್ರಿಕ್‌ಗೆ ಅದು ಥಟ್ಟನೆ ಹೊಳೆಯಿತು. 1953ರ ಏಪ್ರಿಲ್ 25ರ ‘ನೇಚರ್’ ಪತ್ರಿಕೆಯಲ್ಲಿ ವಾಟ್ಸನ್ ಮತ್ತು ಕ್ರಿಕ್ ಪ್ರಕಟಿಸಿದ ಮಾದರಿಯಲ್ಲಿ ಎಳೆಗಳು ಎದುರುಬದುರಾಗಿದ್ದವು. ಅದೇ ಸಂಚಿಕೆಯಲ್ಲಿ ಫ್ರಾಂಕ್ಲಿನ್ ಮತ್ತು ಗೋಸ್ಲಿಂಗ್ ಅವರ ಲೇಖನವೂ ಇತ್ತು. ಅಕ್ಷರ ಜೋಡಿಗಳ ನಡುವೆ 0.34 ನ್ಯಾನೋಮೀಟರ್, ಹತ್ತು ಜೋಡಿಗೊಂದು ಸುತ್ತು, ಸುರುಳಿಯ ಅಡ್ಡಳತೆ 2 ನ್ಯಾನೋಮೀಟರ್. ಮಾದರಿ ಸೊಗಸಾಗಿತ್ತು, ಆದರೆ ದಿಕ್ಕಿನ ಮಾತಿಗೆ ರಾಸಾಯನಿಕ ಸಾಕ್ಷಿ ಬೇಕಿತ್ತು. ಅದನ್ನು 1961ರಲ್ಲಿ ಆರ್ಥರ್ ಕೊರ್ನ್‌ಬರ್ಗ್ ಮತ್ತು ಸಂಗಡಿಗರು ಒದಗಿಸಿದರು. ಯಾವ ಅಕ್ಷರದ ಪಕ್ಕದಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಅವರು ಎಣಿಸಿದಾಗ, ಎದುರುಬದುರು ಎಳೆಗಳಲ್ಲಿ ಬರಬೇಕಾದ ಲೆಕ್ಕವೇ ಬಂತು.

ಬೆಂಗಳೂರು ಎತ್ತಿದ ಪ್ರಶ್ನೆ

ಸುರುಳಿಯ ಮಾದರಿಯನ್ನು ಜಗತ್ತೆಲ್ಲ ಒಪ್ಪಿಕೊಂಡ ಮೇಲೂ ಅದನ್ನು ಗಟ್ಟಿಯಾಗಿ ಅಲುಗಾಡಿಸಿ ನೋಡಿದವರಲ್ಲಿ ಬೆಂಗಳೂರಿನವರು ಸೇರಿದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ಅಣು ಜೈವಿಕ ಭೌತವಿಜ್ಞಾನ ಘಟಕವನ್ನು ಕಟ್ಟಿದವರು ಜಿ.ಎನ್. ರಾಮಚಂದ್ರನ್. ಅವರ ಜೊತೆಗಾರ ವಿ. ಶಶಿಶೇಖರನ್ ಮತ್ತು ಶಿಷ್ಯರು 1970ರ ದಶಕದ ಉತ್ತರಾರ್ಧದಲ್ಲಿ ಒಂದು ಬೇರೆ ಮಾದರಿ ಮುಂದಿಟ್ಟರು. ಎರಡು ಎಳೆಗಳು ಒಂದನ್ನೊಂದು ಸುತ್ತಿಕೊಳ್ಳಲೇಬೇಕೇ? ಸ್ವಲ್ಪ ದೂರ ಬಲಕ್ಕೆ, ಸ್ವಲ್ಪ ದೂರ ಎಡಕ್ಕೆ ತಿರುಚಿಕೊಂಡು ಅಕ್ಕಪಕ್ಕದಲ್ಲೇ ಸಾಗಬಾರದೇ? ಹಾಗಿದ್ದರೆ ನಕಲು ಮಾಡುವಾಗ ಎಳೆಗಳನ್ನು ಬಿಡಿಸುವುದು ಎಷ್ಟು ಸುಲಭ! ನ್ಯೂಜಿಲೆಂಡಿನ ಒಂದು ತಂಡವೂ ಅದೇ ಕಾಲಕ್ಕೆ ಇಂಥದ್ದೇ ಮಾದರಿಯನ್ನು ಸೂಚಿಸಿತ್ತು.

ಪ್ರಶ್ನೆ ಗಂಭೀರವಾಗಿತ್ತು, ಅದಕ್ಕೆ ಗಂಭೀರ ಉತ್ತರವೂ ಬಂತು. 1979ರಲ್ಲಿ ಕ್ರಿಕ್, ಜೇಮ್ಸ್ ವಾಂಗ್ ಮತ್ತು ವಿಲಿಯಂ ಬೌವರ್ ಉಂಗುರಾಕಾರದ ಡಿಎನ್ಎಗಳ ಸಾಕ್ಷಿಯನ್ನು ಒಟ್ಟುಗೂಡಿಸಿದರು. ತುದಿಯಿಲ್ಲದ ಎರಡು ಉಂಗುರಗಳು ಒಂದನ್ನೊಂದು ಎಷ್ಟು ಸಲ ಸುತ್ತಿವೆ ಎಂಬುದನ್ನು ಪ್ರಯೋಗಾಲಯದಲ್ಲಿ ಎಣಿಸಬಹುದು. ಸುಮಾರು ಹತ್ತೂವರೆ ಜೋಡಿಗೊಂದು ಸುತ್ತು ಎಂಬ ಉತ್ತರ ಬಂತು. ಎಳೆಗಳು ಬರೀ ಅಕ್ಕಪಕ್ಕದಲ್ಲಿದ್ದರೆ ಆ ಎಣಿಕೆ ಬರಲಾರದು. ಅದೇ ವರ್ಷ ಎಡಕ್ಕೆ ತಿರುಚಿದ ‘ಝಡ್’ ರೂಪದ ಡಿಎನ್ಎ ಕೂಡ ಹರಳಿನಲ್ಲಿ ಕಂಡಿತು. ಡಿಎನ್ಎ ಎಡಕ್ಕೂ ತಿರುಗಬಲ್ಲದು ಎಂಬ ಬೆಂಗಳೂರಿನವರ ಒತ್ತಾಯ ಅಷ್ಟರಮಟ್ಟಿಗೆ ಸರಿಯಾಗಿತ್ತು. ಈ ಚರ್ಚೆಯಲ್ಲಿ ಸುರುಳಿಯ ತಿರುವು, ಸುತ್ತು ಎಲ್ಲವೂ ಪ್ರಶ್ನೆಗೆ ಒಳಗಾದವು. ಎಳೆಗಳ ಎದುರು ದಿಕ್ಕು ಮಾತ್ರ ಎರಡು ಪಕ್ಷಗಳ ಮಾದರಿಯಲ್ಲೂ ಹಾಗೆಯೇ ಉಳಿಯಿತು.

ನಮ್ಮ ಟೊಮೆಟೊ ವೈರಸ್‌ಗೂ ಈ ಲೆಕ್ಕ ಹೊಂದುತ್ತದೆ. ಅದು ಗಿಡದ ಜೀವಕೋಶದೊಳಗೆ ಎರಡೆಳೆಯಾದಾಗ ಉಂಗುರದಲ್ಲಿ ಸುಮಾರು 260 ಸುತ್ತುಗಳಿರುತ್ತವೆ. ಉಂಗುರವನ್ನು ಕತ್ತರಿಸಿ ಚಾಚಿದರೆ 900 ನ್ಯಾನೋಮೀಟರ್‌ಗೂ ಮಿಕ್ಕಿ ಉದ್ದ.

ಒಂದೇ ಕಡೆಗೆ ನಡೆಯುವ ಕಿಣ್ವ

ಡಿಎನ್ಎ ನಕಲು ಮಾಡುವ ಕಿಣ್ವ ಡಿಎನ್ಎ ಪಾಲಿಮರೇಸ್. ಅದಕ್ಕೆ ಎರಡು ಕಟ್ಟುಪಾಡುಗಳಿವೆ. ಶೂನ್ಯದಿಂದ ಎಳೆ ಆರಂಭಿಸಲು ಅದಕ್ಕೆ ಬರುವುದಿಲ್ಲ, ಈಗಾಗಲೇ ಇರುವ ಒಂದು 3′ ತುದಿ ಬೇಕು. ಆ ತುದಿಯ ಹೈಡ್ರಾಕ್ಸಿಲ್ ಗುಂಪಿಗೆ ಹೊಸ ಅಕ್ಷರವನ್ನು ಸೇರಿಸುತ್ತದೆ, ಆಮೇಲೆ ಅದರ ಮುಂದೆ ಇನ್ನೊಂದು. ಹೀಗೆ ಹೊಸ ಎಳೆ ಬೆಳೆಯುವುದು 5′ದಿಂದ 3′ದ ಕಡೆಗೆ ಮಾತ್ರ. ಯಾವ ಗಿಡದಲ್ಲಾದರೂ, ಪ್ರಾಣಿಯಲ್ಲಾದರೂ, ಬ್ಯಾಕ್ಟೀರಿಯಾದಲ್ಲಾದರೂ ಈ ನಿಯಮ ಒಂದೇ.

ಇದರ ಹಿಂದೆ ಒಳ್ಳೆಯ ಕಾರಣವಿದೆ. ಜೋಡಣೆಗೆ ಬೇಕಾದ ಶಕ್ತಿಯನ್ನು ಹೊಸದಾಗಿ ಬರುವ ಅಕ್ಷರವೇ ತನ್ನ ಮೂರು ಫಾಸ್ಫೇಟ್‌ಗಳಲ್ಲಿ ಹೊತ್ತು ತರುತ್ತದೆ. ತಪ್ಪು ಅಕ್ಷರ ಕೂತರೆ ಕಿಣ್ವ ಅದನ್ನು ಕಿತ್ತುಹಾಕುತ್ತದೆ. ಕಿತ್ತ ಜಾಗದಲ್ಲಿ ಮತ್ತೆ ಸಾದಾ 3′ ತುದಿ ಉಳಿಯುವುದರಿಂದ ಮುಂದಿನ ಅಕ್ಷರ ತನ್ನದೇ ಶಕ್ತಿಯಿಂದ ಬಂದು ಸೇರಬಹುದು. ಶಕ್ತಿ ಬೆಳೆಯುವ ಎಳೆಯ ತುದಿಯಲ್ಲೇ ಇದ್ದಿದ್ದರೆ, ಒಂದು ತಪ್ಪನ್ನು ಕಿತ್ತೊಡನೆ ಆ ಶಕ್ತಿಯೂ ಹೋಗಿ ಎಳೆ ಅಲ್ಲೇ ನಿಂತುಬಿಡುತ್ತಿತ್ತು. ತಪ್ಪು ತಿದ್ದಿಕೊಳ್ಳುವ ಸ್ವಾತಂತ್ರ್ಯಕ್ಕಾಗಿ ಜೀವ ಒಂದೇ ದಿಕ್ಕನ್ನು ಹಿಡಿದಿದೆ ಎನ್ನಬಹುದು.

ಆದರೆ ಎಳೆಗಳು ಎದುರುಬದುರು, ಕಿಣ್ವ ಒಂದೇ ದಿಕ್ಕಿನದು ಎಂದಾಗ ಒಂದು ತೊಡಕು ಬರುತ್ತದೆ. ಸುರುಳಿ ಬಿಚ್ಚುತ್ತ ಹೋದಂತೆ ಒಂದು ಎಳೆಯ ನಕಲು ಸಲೀಸಾಗಿ ಮುಂದೆ ಸಾಗುತ್ತದೆ. ಇನ್ನೊಂದು ಎಳೆಯ ನಕಲು ಬಿಚ್ಚುವ ಬಾಯಿಗೆ ಬೆನ್ನು ಹಾಕಿ ನಡೆಯಬೇಕು. ಒಂದಿಷ್ಟು ಬಿಚ್ಚಿದಾಗ ಒಂದು ತುಂಡು, ಇನ್ನಷ್ಟು ಬಿಚ್ಚಿದಾಗ ಮತ್ತೆ ಹಿಂದಿನಿಂದ ಇನ್ನೊಂದು ತುಂಡು. ಈ ತುಂಡುಗಳನ್ನು 1960ರ ದಶಕದಲ್ಲಿ ಜಪಾನಿನ ನಗೋಯಾದಲ್ಲಿ ಪತ್ತೆ ಮಾಡಿದವರು ರೇಜಿ ಒಕಜಾಕಿ ಮತ್ತು ತ್ಸುನೆಕೊ ಒಕಜಾಕಿ ದಂಪತಿ. ಬ್ಯಾಕ್ಟೀರಿಯಾಗಳಲ್ಲಿ ಅವು ಸಾವಿರ, ಎರಡು ಸಾವಿರ ಅಕ್ಷರಗಳಷ್ಟು ಉದ್ದ. ಗಿಡಗಳಲ್ಲಿ, ನಮ್ಮಲ್ಲಿ ನೂರು, ಇನ್ನೂರು ಅಕ್ಷರಗಳಷ್ಟು. ತುಂಡು ತುಂಡಾಗಿ ಬರೆದು, ಪ್ರತಿ ತುಂಡಿನ ಆರಂಭಕ್ಕಿಟ್ಟಿದ್ದ ಆರ್‌ಎನ್ಎ ತೆಗೆದು, ಖಾಲಿ ತುಂಬಿ, ಅಂಟು ಹಾಕುವ ಈ ಕೆಲಸ ಟೊಮೆಟೊ ಗಿಡದ ಪ್ರತಿ ಜೀವಕೋಶ ಎರಡಾಗುವಾಗಲೂ ನಡೆಯುತ್ತದೆ.

ಒಂಬತ್ತು ಅಕ್ಷರಗಳ ಕುಣಿಕೆ

ಈಗ ವೈರಸ್‌ನ ಬಳಿಗೆ ಬರೋಣ. ಬಿಳಿ ನೊಣ ಬಿಟ್ಟುಹೋದ ಒಂಟಿ ಉಂಗುರ ಫ್ಲೋಯಂ ಜೀವಕೋಶದ ಕೇಂದ್ರವನ್ನು ಸೇರುತ್ತದೆ. ಅದರ ಬಳಿ ಸ್ವಂತ ಪಾಲಿಮರೇಸ್ ಇಲ್ಲ. ಗಿಡದ ಪಾಲಿಮರೇಸ್ ಆ ಒಂಟಿ ಎಳೆಯನ್ನು ಕಂಡು ಅದರ ಜೊತೆ ಎಳೆಯನ್ನು ಬರೆದುಕೊಡುತ್ತದೆ. ಈಗ ಉಂಗುರ ಎರಡೆಳೆಯದಾಯಿತು, ಅದರ ವಂಶವಾಹಿಗಳನ್ನು ಓದಬಹುದಾಯಿತು. ಓದಿದಾಗ ಹುಟ್ಟುವ ಪ್ರೋಟೀನುಗಳಲ್ಲಿ ಮುಖ್ಯವಾದದ್ದು ‘ರೆಪ್’. ಬೆಳೆದು ನಿಂತ ಜೀವಕೋಶಗಳು ಡಿಎನ್ಎ ನಕಲು ಮಾಡುವ ಕೆಲಸವನ್ನು ನಿಲ್ಲಿಸಿಬಿಟ್ಟಿರುತ್ತವೆ. ಹಾಗೆ ನಿಲ್ಲಿಸಿ ಹಿಡಿದಿರುವ ಗಿಡದ ಪ್ರೋಟೀನಿಗೆ ರೆಪ್ ಅಂಟಿಕೊಂಡು ಆ ಕೆಲಸವನ್ನು ಮತ್ತೆ ಎಬ್ಬಿಸುತ್ತದೆ. ಅದರ ಇನ್ನೊಂದು ಕೆಲಸ ಇನ್ನೂ ಸೂಕ್ಷ್ಮವಾದದ್ದು.

ಉಂಗುರದ ಒಂದು ಜಾಗದಲ್ಲಿ ಎಳೆ ತನ್ನ ಮೇಲೆಯೇ ಮಡಚಿಕೊಂಡು ಸಣ್ಣ ಕುಣಿಕೆಯಾಗಬಲ್ಲದು. ಕುಣಿಕೆಯ ತಲೆಯಲ್ಲಿರುವ ಒಂಬತ್ತು ಅಕ್ಷರಗಳು, 5′ದಿಂದ 3′ಕ್ಕೆ ಓದಿದರೆ, ಹೀಗಿವೆ:

ಟಿ-ಎ-ಎ-ಟಿ-ಎ-ಟಿ-ಟಿ-ಎ-ಸಿ

ಮುಳಬಾಗಿಲಿನ ಟೊಮೆಟೊ ಆಗಲಿ, ಆಫ್ರಿಕಾದ ಮರಗೆಣಸಾಗಲಿ, ಈ ಕುಟುಂಬದ ಬಹುಪಾಲು ವೈರಸ್‌ಗಳಲ್ಲಿ ಈ ಒಂಬತ್ತು ಅಕ್ಷರ ಬದಲಾಗುವುದಿಲ್ಲ. ಒಂದು ಕಾಗದದ ಮೇಲೆ ಇದನ್ನು ಬರೆದು, ಕೆಳಗೆ ಜೊತೆ ಎಳೆಯ ಅಕ್ಷರಗಳನ್ನು ಇಟ್ಟು ನೋಡಿ. ಆಮೇಲೆ ಕೆಳಗಿನ ಎಳೆಯನ್ನು ಅದರದೇ 5′ ತುದಿಯಿಂದ, ಅಂದರೆ ಬಲದಿಂದ ಎಡಕ್ಕೆ ಓದಿ. ಬರುವುದು ಇದು:

ಜಿ-ಟಿ-ಎ-ಎ-ಟಿ-ಎ-ಟಿ-ಟಿ-ಎ

ಮೊದಲ ಜಿ ಬಿಟ್ಟರೆ ಉಳಿದ ಎಂಟು ಅಕ್ಷರಗಳು ಮೇಲಿನ ಎಳೆಯ ಮೊದಲ ಎಂಟೇ. ಎರಡು ಎಳೆಗಳನ್ನೂ ತಮ್ಮ ತಮ್ಮ ದಿಕ್ಕಿನಲ್ಲಿ ಓದಿದಾಗ ಅಷ್ಟು ದೂರ ಒಂದೇ ಬರಹ ಸಿಗುತ್ತದೆ. ಕೊನೆಯ ಸಿ ಇರುವುದು ಮಾತ್ರ ವೈರಸ್ ಕವಚದೊಳಗೆ ಹೊತ್ತು ತಂದ ಎಳೆಯಲ್ಲಿ. ದಿಕ್ಕನ್ನು ಮರೆತು ಕೆಳಗಿನ ಸಾಲನ್ನು ಎಡದಿಂದ ಓದಿದ್ದರೆ ಎ-ಟಿ-ಟಿ-ಎ-ಟಿ-ಎ-ಎ-ಟಿ-ಜಿ ಎಂಬ ಬೇರೆಯೇ ಸಾಲು ಕಾಣುತ್ತಿತ್ತು, ಈ ಹೋಲಿಕೆ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ರೆಪ್ ಕುಣಿಕೆಯ ಪಕ್ಕದ ಕೆಲವು ಗುರುತಿನ ಅಕ್ಷರಗಳನ್ನು ಹಿಡಿದು ನಿಂತು, ಏಳನೆಯ ಟಿ ಮತ್ತು ಎಂಟನೆಯ ಎ ನಡುವೆ ಎಳೆಯನ್ನು ಕತ್ತರಿಸುತ್ತದೆ. ಕತ್ತರಿಸಿದಲ್ಲಿ ಎರಡು ತುದಿ ಹುಟ್ಟುತ್ತವೆ. ಎಂಟನೆಯ ಎ ಕಡೆಯ 5′ ತುದಿಗೆ ರೆಪ್ ತಾನೇ ಅಂಟಿಕೊಂಡು ಕೂರುತ್ತದೆ. ಏಳನೆಯ ಟಿ ಕಡೆ ಉಳಿಯುವುದು ಖಾಲಿ 3′ ತುದಿ. ಪಾಲಿಮರೇಸ್‌ಗೆ ಬೇಕಾದದ್ದು ಅದೇ! ಗಿಡದ ಕಿಣ್ವ ಬಂದು ಅಲ್ಲಿಂದ ಅಕ್ಷರ ಸೇರಿಸತೊಡಗುತ್ತದೆ. ಒಳಗಿನ ಉಂಗುರವನ್ನು ನೋಡಿ ಬರೆಯುತ್ತ, ಹಳೆಯ ಎಳೆಯನ್ನು ಹೊರಕ್ಕೆ ತಳ್ಳುತ್ತ, ಒಂದು ಸುತ್ತು ಪೂರ್ತಿ ಬರುತ್ತದೆ. ಆಗ ರೆಪ್ ಮತ್ತೆ ಅದೇ ಜಾಗದಲ್ಲಿ ಕತ್ತರಿಸಿ, ತಾನು ಹಿಡಿದಿದ್ದ 5′ ತುದಿಯನ್ನು ಹೊಸ 3′ ತುದಿಗೆ ಸೇರಿಸುತ್ತದೆ. ಒಂದು ಹೊಸ ಒಂಟಿ ಉಂಗುರ ಸಿದ್ಧ.

ಉರುಳು ಚಕ್ರದ ನಕಲು ಎಂದು ಹೆಸರಾದ ಈ ವಿಧಾನವನ್ನು ವಾಲ್ಟರ್ ಗಿಲ್ಬರ್ಟ್ ಮತ್ತು ಡೇವಿಡ್ ಡ್ರೆಸ್ಲರ್ 1968ರಲ್ಲಿ ಸೂಚಿಸಿದ್ದು ಬ್ಯಾಕ್ಟೀರಿಯಾಗಳ ವೈರಸ್‌ಗಳನ್ನು ಅಭ್ಯಾಸ ಮಾಡುವಾಗ. ಇದರಲ್ಲಿ ಒಂದು ಸಲಕ್ಕೆ ಒಂದೇ ಎಳೆಯ ನಕಲು ನಡೆಯುತ್ತದೆ, ಅದೂ ಪಾಲಿಮರೇಸ್‌ಗೆ ಒಗ್ಗುವ ದಿಕ್ಕಿನಲ್ಲೇ. ಒಕಜಾಕಿ ತುಂಡುಗಳ ಗೋಜೇ ಇಲ್ಲ. 90 ಕೋಟಿ ಅಕ್ಷರಗಳ ಗಿಡ ಪಡುವ ಪಾಡನ್ನು 2,750 ಅಕ್ಷರಗಳ ವೈರಸ್ ಪಡಬೇಕಾಗಿಲ್ಲ. ಒಂದು ಜೀವಕೋಶದಲ್ಲಿ ಉಂಗುರಗಳ ಸಂಖ್ಯೆ ಬೇಗ ಬೇಗ ಏರುವುದಕ್ಕೆ ಇದೊಂದು ದಾರಿ.

ಎರಡು ಕಡೆಗೂ ಬರಹ

ಇಷ್ಟು ಸಣ್ಣ ಉಂಗುರದಲ್ಲಿ ಜಾಗ ಉಳಿಸಲು ವೈರಸ್ ಎರಡು ಎಳೆಗಳಲ್ಲೂ ವಂಶವಾಹಿ ಇಟ್ಟಿದೆ. ಕುಣಿಕೆ ಇರುವ ಜಾಗದಿಂದ ಒಂದು ಓದು ಒಂದು ಕಡೆಗೆ ಹೊರಡುತ್ತದೆ, ಇನ್ನೊಂದು ಓದು ಎದುರು ಎಳೆಯ ಮೇಲೆ ಇನ್ನೊಂದು ಕಡೆಗೆ. ಎರಡೂ ಉಂಗುರದ ಆಚೆ ಬದಿಯಲ್ಲಿ ಸಂಧಿಸುತ್ತವೆ. ಕವಚದ ಪ್ರೋಟೀನ್ ಮತ್ತು ಅದರ ನೆರೆಯ ವಂಶವಾಹಿ ವೈರಸ್ ತಂದ ಎಳೆಯ ದಿಕ್ಕಿನಲ್ಲಿ, ರೆಪ್ ಮತ್ತು ಅದರ ಸಂಗಡದ ಮೂರು ವಂಶವಾಹಿಗಳು ಜೊತೆ ಎಳೆಯ ದಿಕ್ಕಿನಲ್ಲಿ. ಆ ಮೂರರಲ್ಲಿ ಒಂದು ಪೂರ್ತಿಯಾಗಿ ರೆಪ್‌ನ ಬರಹದ ಒಳಗೇ ಇದೆ, ಓದುವ ಆರಂಭದ ಅಕ್ಷರ ಮಾತ್ರ ಬೇರೆ.

ಮೊದಲು ಓದಿಗೆ ಸಿಗುವುದು ರೆಪ್ ಇರುವ ಕಡೆ, ಕವಚದ ಕಡೆಯ ಸರದಿ ಆಮೇಲೆ. ನಕಲುಗಳು ಸಾಕಷ್ಟಾಗುವ ಮೊದಲೇ ಕವಚ ಕಟ್ಟಿ ಪ್ರಯೋಜನವಿಲ್ಲ. ರೆಪ್ ಕಡೆಯಲ್ಲಿ ಹುಟ್ಟುವ ಇನ್ನೊಂದು ಪ್ರೋಟೀನ್ ಹೋಗಿ ಕವಚದ ವಂಶವಾಹಿಯನ್ನು ಚಾಲೂ ಮಾಡುತ್ತದೆ. ಮೊದಲು ಯಾವುದು, ಆಮೇಲೆ ಯಾವುದು ಎಂಬ ಸರದಿಯನ್ನೂ ವೈರಸ್ ಎಳೆಗಳ ಎದುರು ದಿಕ್ಕಿನಲ್ಲಿ ಹಂಚಿಟ್ಟಿದೆ.

ಎಲೆಯಿಂದ ಟ್ಯೂಬಿಗೆ

ಕ್ಯಾಲನೂರಿನ ಹೊಲದ ಒಂದು ಎಲೆ ಬೆಂಗಳೂರಿನ ಪ್ರಯೋಗಾಲಯಕ್ಕೆ ಬಂದರೆ ಮೊದಲು ಮಾಡುವ ಪರೀಕ್ಷೆ ಪಿಸಿಆರ್. ಸೊಪ್ಪು ಅರೆದು ಡಿಎನ್ಎ ತೆಗೆದು, ಅದಕ್ಕೆ ಇಪ್ಪತ್ತು ಅಕ್ಷರಗಳ ಆಸುಪಾಸಿನ ಎರಡು ಸಣ್ಣ ಎಳೆಗಳನ್ನು ಹಾಕುತ್ತಾರೆ. ಇವೇ ಪ್ರೈಮರ್‌ಗಳು. ಒಂದು ಮೇಲಿನ ಎಳೆಗೆ ಅಂಟುತ್ತದೆ, ಇನ್ನೊಂದು ಕೆಳಗಿನ ಎಳೆಗೆ, 3′ ತುದಿಗಳು ಪರಸ್ಪರ ಮುಖ ಮಾಡಿರುವಂತೆ. ಪಾಲಿಮರೇಸ್ ಆ ತುದಿಗಳಿಂದ ಬರೆಯುತ್ತ ಹೋದಾಗ ನಡುವಿನ ಭಾಗ ಒಂದು ಸುತ್ತಿಗೆ ಎರಡಾಗುತ್ತದೆ. ಎಲ್ಲವೂ ಸರಿಯಾಗಿ ನಡೆದರೆ 30 ಸುತ್ತಿಗೆ ಒಂದು ಪ್ರತಿ ನೂರು ಕೋಟಿ ದಾಟುತ್ತದೆ. ಪ್ರೈಮರ್ ತಯಾರಿಸಿಕೊಡಲು ಬರೆದು ಕಳಿಸುವಾಗ ಎರಡನ್ನೂ 5′ದಿಂದ 3′ಕ್ಕೆ ಬರೆಯಬೇಕು. ಒಂದನ್ನು ತಿರುವುಮುರುವಾಗಿ ಬರೆದರೆ ಅಕ್ಷರಗಳೆಲ್ಲ ಸರಿಯಿದ್ದೂ ಅದು ಎಲ್ಲಿಯೂ ಅಂಟುವುದಿಲ್ಲ, ಟ್ಯೂಬಿನಲ್ಲಿ ಏನೂ ಬೆಳೆಯುವುದಿಲ್ಲ.

ವೈರಸ್ ಉಂಗುರವಾಗಿರುವುದರಿಂದ ಇನ್ನೊಂದು ಉಪಾಯವೂ ಸಾಧ್ಯ. ಒಂದರ ಬೆನ್ನಿಗೊಂದು ತಾಗುವಂತೆ, ಮುಖ ಹೊರಗೆ ಮಾಡಿದ ಎರಡು ಪ್ರೈಮರ್ ಹಾಕಿದರೆ, ಇಬ್ಬದಿಯಿಂದ ಹೊರಟ ನಕಲು ಉಂಗುರವನ್ನೆಲ್ಲ ಸುತ್ತಿ ವೈರಸ್‌ನ ಪೂರ್ತಿ ಬರಹವನ್ನು ತಂದುಕೊಡುತ್ತದೆ. ನೇರ ಎಳೆಯಲ್ಲಿ ಅದೇ ಜೋಡಿ ಹಾಕಿದರೆ ಎರಡು ನಕಲುಗಳೂ ದೂರ ದೂರ ಹೋಗಿಬಿಡುತ್ತವೆ. ದಿಕ್ಕು ತಿಳಿದವರಿಗೆ ಮಾತ್ರ ಹೊಳೆಯುವ ಉಪಾಯ ಇದು.

ಬೀಜದೊಳಗಿನ ಉತ್ತರ

ವೈರಸ್ ಬಳಸುವುದು ಗಿಡದ್ದೇ ಪಾಲಿಮರೇಸ್. ಹಾಗಾಗಿ ಗಿಡಕ್ಕೆ ಹಾನಿ ಮಾಡದೆ ವೈರಸ್ಸನ್ನು ಕೊಲ್ಲುವ ಔಷಧಿ ಅಂಗಡಿಯಲ್ಲಿ ಇಲ್ಲ. ಸಿಂಪಡಿಸುವುದೆಲ್ಲ ಬಿಳಿ ನೊಣಕ್ಕೆ. ನರ್ಸರಿಯಲ್ಲಿ ಸಸಿಗಳನ್ನು ಸಣ್ಣ ಕಣ್ಣಿನ ನೈಲಾನ್ ಪರದೆಯೊಳಗೆ ಬೆಳೆಸುವುದು, ಹಳದಿ ಅಂಟು ಬಲೆ ಕಟ್ಟುವುದು, ಹಳೆಯ ರೋಗದ ಬೆಳೆಯನ್ನು ಕಿತ್ತು ತೆಗೆದ ಮೇಲೆಯೇ ಹೊಸದನ್ನು ನಾಟಿ ಮಾಡುವುದು, ಇವೆಲ್ಲ ಆ ಮೊದಲ ವಾರಗಳನ್ನು ದಾಟಿಸುವ ಉಪಾಯಗಳು.

ಇದಕ್ಕಿಂತ ಮುಂದಿನ ರಕ್ಷಣೆ ಬೀಜದೊಳಗೇ ಇರಬೇಕು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಈ ರೋಗ ತಡೆದುಕೊಳ್ಳುವ ನಂದಿ, ಸಂಕ್ರಾಂತಿ, ವೈಭವ ತಳಿಗಳನ್ನು ಕೊಟ್ಟಿತು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಮೂರು ರೋಗಗಳನ್ನು ಒಟ್ಟಿಗೆ ತಡೆಯುವ ಅರ್ಕಾ ರಕ್ಷಕ್ ಹೈಬ್ರಿಡ್ ಹೊರತಂದಿತು. ಜಗತ್ತಿನ ಬೇರೆ ಬೇರೆ ಕಡೆ ಟೊಮೆಟೊದ ಕಾಡು ಬಂಧುಗಳಿಂದ ತಂದ ನಿರೋಧಕ ವಂಶವಾಹಿಗಳಿಗೆ ‘ಟಿವೈ’ ಸರಣಿಯ ಹೆಸರುಗಳಿವೆ. ಟಿವೈ-2ನ್ನು ಹೊಂದಿದ ಎಚ್-24 ಎಂಬ ಸಾಲನ್ನು ಹರಿಯಾಣದ ಹಿಸಾರ್‌ನಲ್ಲಿ ಕಲ್ಲೂ ಮತ್ತು ಬ್ಯಾನರ್ಜಿ ಬೆಳೆಸಿದ್ದರು, ಅದರ ವರದಿ ಬಂದದ್ದು 1990ರಲ್ಲಿ. ಎಳೆ ಕತ್ತರಿಸುವ ರೆಪ್ ಪ್ರೋಟೀನನ್ನೇ ಗುರುತು ಹಿಡಿದು ಟಿವೈ-2 ಗಿಡವನ್ನು ಎಚ್ಚರಿಸುತ್ತದೆ ಎಂಬುದು ಈಚೆಗೆ ತಿಳಿದಿದೆ.

ಟಿವೈ-1ರ ಕೆಲಸ ಈ ಅಧ್ಯಾಯದ ವಿಷಯಕ್ಕೇ ಸೇರಿದ್ದು. 2013ರಲ್ಲಿ ಆ ವಂಶವಾಹಿಯನ್ನು ಬಿಡಿಸಿ ನೋಡಿದಾಗ ಅದು ಆರ್‌ಎನ್ಎಯನ್ನು ನೋಡಿ ಆರ್‌ಎನ್ಎ ಬರೆಯುವ ಒಂದು ಕಿಣ್ವವನ್ನು ಮಾಡುತ್ತದೆಂದು ಗೊತ್ತಾಯಿತು. ವೈರಸ್‌ನ ವಂಶವಾಹಿಯಿಂದ ಹೊರಟ ಒಂಟಿ ಆರ್‌ಎನ್ಎಗೆ ಇಂಥ ಕಿಣ್ವ ಎದುರು ದಿಕ್ಕಿನ ಜೊತೆ ಎಳೆಯನ್ನು ಬರೆಯುತ್ತದೆ. ಜೋಡಿಯಾದ ಆರ್‌ಎನ್ಎ ಕಂಡೊಡನೆ ಗಿಡ ಅದನ್ನು ಸಣ್ಣ ತುಂಡುಗಳಾಗಿ ಕತ್ತರಿಸುತ್ತದೆ. ಆ ತುಂಡುಗಳನ್ನು ಗುರುತಾಗಿ ಹಿಡಿದು ವೈರಸ್‌ನ ಉಂಗುರವನ್ನು ಹುಡುಕಿ, ಅದರ ಸಿ ಅಕ್ಷರಗಳಿಗೆ ಮೀಥೈಲ್ ಗುಂಪು ಅಂಟಿಸಿ ಓದನ್ನು ಅಡಗಿಸುತ್ತದೆ. ವೈರಸ್ ಗಿಡದೊಳಗೆ ಬೇರೂರುವುದು ಗಿಡ ಅದಕ್ಕೊಂದು ಜೊತೆ ಎಳೆ ಬರೆದುಕೊಟ್ಟಾಗ. ಗಿಡ ಅದನ್ನು ಹಿಮ್ಮೆಟ್ಟಿಸುವುದೂ ಇನ್ನೊಂದು ಜೊತೆ ಎಳೆ ಬರೆದೇ.

ಈ ಹೋರಾಟ ಮುಗಿದಿಲ್ಲ. ವೈರಸ್‌ಗಳು ತಮ್ಮೊಳಗೆ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ, ಒಂದು ತಳಿಯ ನಿರೋಧಕ ಶಕ್ತಿಯನ್ನು ಮೀರುವ ಹೊಸ ರೂಪಗಳು ಬರುತ್ತಲೇ ಇವೆ. ಅವು ಬಂದಾಗ ಕೋಲಾರದ ಎಲೆಗಳನ್ನು ಪರೀಕ್ಷಿಸುವವರು, ಮುಂದಿನ ತಳಿ ಕಟ್ಟುವವರು ಇಂದು ಕೋಲಾರ, ಮಾಲೂರು, ಶ್ರೀನಿವಾಸಪುರದ ಕಾಲೇಜುಗಳಲ್ಲಿ ಕುಳಿತಿರುವ ಮಕ್ಕಳೇ ಆಗಬೇಕು. ದ್ವಿತೀಯ ಪಿಯುಸಿಯ ಜೀವಶಾಸ್ತ್ರದಲ್ಲಿ 5′ ಮತ್ತು 3′ ಒಂದು ಅಂಕದ ಪ್ರಶ್ನೆಯಾಗಿ ಬಂದು ಹೋಗುತ್ತದೆ. ಆ ಎರಡು ಸಂಖ್ಯೆಗಳಿಂದಲೇ ತಮ್ಮ ಹೊಲದ ರೋಗವನ್ನು ಓದಬಹುದು, ಅದಕ್ಕೆ ಎದುರು ನಿಲ್ಲುವ ಬೀಜವನ್ನೂ ಹುಡುಕಬಹುದು ಎಂದು ಅವರಿಗೆ ಹೇಳಿಕೊಡುವುದು ನಮ್ಮ ಮೇಲಿರುವ ಕೆಲಸ.